ಹಾಸಿಗೆ ಹಿಡಿದವರ ಕೈಗೂ ಕೆಲಸವಿರಲಿ

ಲಕ್ವ ಹೊಡೆದು ಒಂದು ಮಗ್ಗುಲಿನ ಕೈಕಾಲು ಬಿದ್ದುಹೋದಾಗ, ಇಲ್ಲವೇ ಮರದಿಂದಲೋ ಮಾಳಿಗೆಯಿಂದಲೋ ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗ, ಆಸ್ಪತ್ರೆಯ ವಾಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆ ಬಳಿಕದ ಬದುಕು ದೀರ್ಘವಾದದ್ದು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಇಂಥವರ ಆರೈಕೆ ಬಹುತೇಕ ಮನೆಯ ಪಡಸಾಲೆಯಲ್ಲೇ ನಡೆಯುತ್ತದೆ. ಮಾಡುವವರು ಹೆಂಡತಿ, ಮಗಳು ಇಲ್ಲವೇ ಸೊಸೆ.

ನಿನ್ನೆಯವರೆಗೆ ಗದ್ದೆಗೆ ನೀರು ಕಟ್ಟುತ್ತಿದ್ದವರು ಇಂದು ನೀರು ಕುಡಿಯಲೂ ಇನ್ನೊಬ್ಬರನ್ನು ಕರೆಯಬೇಕು. ಅವರು ಸಿಟ್ಟಾದರೆ, ಅತ್ತರೆ, ಊಟ ಬಿಟ್ಟರೆ ಹಟವೆಂದು ಗದರಿಸಬೇಡಿ. ಲಕ್ವವಾದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೂ ಚಿಕಿತ್ಸೆಯಿದೆ, ವೈದ್ಯರಿಗೆ ತಿಳಿಸಿ.

ಪ್ರೀತಿಯಿಂದ ಎಲ್ಲವನ್ನೂ ನೀವೇ ಮಾಡಿಕೊಟ್ಟರೆ ರೋಗಿಗೆ ನಷ್ಟವೇ ಹೆಚ್ಚು. ಬಳಸದ ಕೀಲು ಸೆಟೆದುಕೊಳ್ಳುತ್ತದೆ. ಲಕ್ವದ ನಂತರದ ಚೇತರಿಕೆ ಹೆಚ್ಚಾಗಿ ಮೊದಲ 3ರಿಂದ 6 ತಿಂಗಳಲ್ಲಿ ಕಾಣುತ್ತದೆ. ಆ ಕಾಲವನ್ನು ಕಳೆದುಕೊಳ್ಳಬಾರದು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಡಿ, ತುತ್ತು ಅವರೇ ಎತ್ತಲಿ. ಚೆಲ್ಲಿದರೆ ಒರೆಸಿದರಾಯಿತು. ಊಟ ಕುಳಿತೇ ಆಗಲಿ. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಅಂಗಿ ತೊಡುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಅದೇ ಕೊನೆಗೆ. ಹೀಗೆ ಮಾಡಿದರೆ ಅವರೇ ತೊಡಬಲ್ಲರು. ಭತ್ತದ ಮಾರಾಟ, ಮಕ್ಕಳ ಮದುವೆಯ ಮಾತು ಅವರ ಮುಂದೆಯೇ ನಡೆಯಲಿ, ಅವರ ಅಭಿಪ್ರಾಯ ಕೇಳಿ.

ತಾವಾಗಿ ಹೊರಳಲಾರದವರನ್ನು 2 ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ. ಸೊಂಟ, ಹಿಮ್ಮಡಿಗಳನ್ನು ದಿನವೂ ಪರೀಕ್ಷಿಸಿ. ಕೆಂಪಾದ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ನೋಡಿಕೊಳ್ಳಿ. ನಮ್ಮ ಭಾಗದ ಬೇಸಿಗೆಯಲ್ಲಿ ಬೆವರಿನಿಂದ ಚರ್ಮ ಬೇಗ ಕೆಡುತ್ತದೆ, ಹಾಸಿಗೆ ಒಣಗಿರಲಿ. ಸ್ಪರ್ಶ ತಿಳಿಯದ ಕಾಲಿಗೆ ಬಿಸಿ ಇಟ್ಟಿಗೆಯ ಶಾಖ ಕೊಡಲೇಬೇಡಿ. ಸುಟ್ಟರೂ ಅವರಿಗೆ ಗೊತ್ತಾಗದು.

ಆರೈಕೆ ಮಾಡುವವರಿಗೂ ನಿದ್ದೆ, ಬಿಡುವು ಬೇಕು. ಅಣ್ಣತಮ್ಮಂದಿರು ವಾರಕ್ಕೊಂದು ದಿನವಾದರೂ ಸರದಿ ವಹಿಸಿಕೊಳ್ಳಲಿ. ಒಬ್ಬಳೇ ಹೆಣ್ಣುಮಗಳ ಮೇಲೆ ಎಲ್ಲ ಭಾರ ಹೊರಿಸಿದರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಅಂಗವೈಕಲ್ಯ ಪ್ರಮಾಣಪತ್ರ ಪಡೆಯಬಹುದು. ಶೇ. 40 ಅಥವಾ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಸೌಲಭ್ಯಗಳಿವೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಹಾಸಿಗೆಯಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಯಾವ ಸಹಾಯ ಬೇಕು, ಯಾವುದು ಬೇಡ ಎಂಬುದನ್ನು ಬಾಯಿಬಿಟ್ಟು ಹೇಳಿ. ಈ ವಾರ ಹಲ್ಲುಜ್ಜುವ ಕೆಲಸ ನಿಮ್ಮದಾಗಲಿ. ಮುಂದಿನ ವಾರ ತಲೆ ಬಾಚಿಕೊಳ್ಳುವುದು.