ಟೊಬೇಗೊ: ಅರಣ್ಯದ ಆಶ್ರಯದಲ್ಲಿರುವ ಕಡಲತೀರಗಳು

ಸಮುದ್ರಸ್ನಾನವನ್ನೇ ಬಯಸಿ ಟೊಬೇಗೊ ದ್ವೀಪಕ್ಕೆ ಬರುವ ಪ್ರವಾಸಿಗಳು ಅದರ ತೀರಗಳನ್ನಷ್ಟೇ ಕಂಡು ಹಿಂದಿರುಗುವರಾದರೆ, ಆ ತೀರಗಳನ್ನೂ ಅವರು ಪೂರ್ಣವಾಗಿ ಕಂಡಂತಾಗಲಿಲ್ಲವೆಂದೇ ನನ್ನ ಎಣಿಕೆ. ಕೆರಿಬಿಯನ್ ಸಮುದ್ರದ ದಕ್ಷಿಣದಂಚಿನಲ್ಲಿ, ಟ್ರಿನಿಡಾಡಿಗೆ ಈಶಾನ್ಯವಾಗಿ, ಸುಮಾರು 300 ಚದರ ಕಿಲೋಮೀಟರುಗಳಷ್ಟೇ ವಿಸ್ತಾರವುಳ್ಳ ಈ ನೆಲಕ್ಕಾಗಿ ಡಚ್ಚರು, ಫ್ರೆಂಚರು, ಆಂಗ್ಲರು ಹಲವು ಬಾರಿ ಕಾದಾಡಿದರು. ಆ ಕಲಹಗಳ ಕುರುಹಾಗಿ ಸ್ಕಾರ್ಬರೋ ಪಟ್ಟಣದ ಮೇಲಣ ಗುಡ್ಡದಲ್ಲಿ ಕಿಂಗ್ ಜಾರ್ಜ್ ಕೋಟೆ ಇಂದಿಗೂ ನಿಂತಿದೆ.

ನೈಋತ್ಯದ ಪಿಜನ್ ಪಾಯಿಂಟಿನ ಬಿಳಿಮರಳು, ತೆಂಗಿನ ಸಾಲು, ಹುಲ್ಲುಮಾಡಿನ ಜೆಟ್ಟಿ ಇವು ಚಿತ್ರಗಳಲ್ಲಿ ಎಲ್ಲರೂ ನೋಡಿರುವಂಥವು. ಅಲ್ಲಿಂದ ಗಾಜಿನ ತಳದ ದೋಣಿಯೇರಿ ಬಕ್ಕೂ ಹವಳದ ದಿಬ್ಬವನ್ನೂ, ಅದರ ಬಳಿಯ ನೈಲಾನ್ ಪೂಲನ್ನೂ ತಪ್ಪದೆ ನೋಡಬೇಕು. ದಡ ದೂರವಾಗಿ ಸುತ್ತಲೂ ಕಡಲೇ ಕಡಲಾಗಿರುವಲ್ಲಿ, ಸೊಂಟದ ಮಟ್ಟದ ತಿಳಿನೀರಿನಲ್ಲಿ ಕಾಲೂರಿ ನಿಲ್ಲುವ ಆನಂದವೇ ಬೇರೆ. ಹವಳದ ಮೇಲೆ ಮಾತ್ರ ಯಾರೂ ಕಾಲಿಡಬಾರದು. ಅದು ಬಂಡೆಯಲ್ಲ, ಬಲು ನಿಧಾನವಾಗಿ ಬೆಳೆಯುವ ಜೀವಸಮೂಹ. ಈಸ್ಟರ್ ಕಾಲದಲ್ಲಿ ಬಂದವರಿಗೆ ಬಕ್ಕೂ ಗ್ರಾಮದಲ್ಲಿ ಆಡುಗಳ ಓಟದ ಪಂದ್ಯವೂ ದೊರೆಯುತ್ತದೆ. 1925ರಷ್ಟು ಹಿಂದೆ ಆರಂಭವಾದ ಈ ಆಟದಲ್ಲಿ ಸವಾರನು ಆಡಿನ ಮೇಲೇರದೆ, ಹಗ್ಗ ಹಿಡಿದು ತಾನೂ ಅದರೊಡನೆ ಓಡುತ್ತಾನೆ. ಹಸಿದವರಿಗೆ ಸ್ಟೋರ್ ಬೇಯಲ್ಲಿ ಹಿಟ್ಟಿನ ಕಡುಬಿನೊಡನೆ ಏಡಿಯ ಸಾರು ಬಡಿಸುವರು. ಆ ಸಾರಿನ ಮಸಾಲೆಯು 1845ರಿಂದ ಕರಾರು ಕೂಲಿಗಳಾಗಿ ಟ್ರಿನಿಡಾಡಿಗೆ ಬಂದಿಳಿದ ಭಾರತೀಯರ ಕೊಡುಗೆ.

ಆದರೆ ದ್ವೀಪದ ನಿಜವಾದ ಹಿರಿಮೆ ಅದರ ಬೆನ್ನೆಲುಬಿನಂತಿರುವ ಮೇನ್ ರಿಡ್ಜ್ ಪರ್ವತಶ್ರೇಣಿಯಲ್ಲಿದೆ. ಕಬ್ಬಿನ ತೋಟಗಳಿಗಾಗಿ ಕಾಡನ್ನೆಲ್ಲ ಕಡಿಯುವ ಉತ್ಸಾಹ ಉತ್ಕಟವಾಗಿದ್ದ ಕಾಲದಲ್ಲಿ, ವೃಕ್ಷಗಳಿಗೂ ಮಳೆಗೂ ಸಂಬಂಧವುಂಟೆಂಬ ವಿಜ್ಞಾನಿ ಸ್ಟೀಫನ್ ಹೇಲ್ಸನ ಅಭಿಪ್ರಾಯವನ್ನು ಮನಗಂಡ ಸೋಮ್ ಜೆನಿನ್ಸ್ ಎಂಬ ಬ್ರಿಟಿಷ್ ಸಂಸದನು ವರ್ಷಗಳ ಕಾಲ ಪಟ್ಟುಹಿಡಿದು ವಾದಿಸಿದುದರ ಫಲವಾಗಿ, ಈ ಶ್ರೇಣಿಯ ಕಾಡನ್ನು ಮಳೆಯ ರಕ್ಷಣೆಗೆಂದೇ ಮೀಸಲಿಡುವ ಶಾಸನವು 1776ರಲ್ಲಿ ಜಾರಿಗೆ ಬಂದಿತು. ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ತೋಟಗಾರಿಕೆಯ ಹಿತವೇ ಅದರ ಮೂಲೋದ್ದೇಶವಾಗಿದ್ದಿತೆಂಬುದನ್ನು ಮರೆಯಲಾಗದು. ಆದರೂ ಆ ಕಾಡು ಉಳಿಯಿತು. 1963ರ ಫ್ಲೋರಾ ಚಂಡಮಾರುತವು ಮರಗಳನ್ನು ನೆಲಕ್ಕುರುಳಿಸಿದಾಗ, ಬಿಳಿಬಾಲದ ಸೇಬರ್‌ವಿಂಗ್ ಎಂಬ ಹಮ್ಮಿಂಗ್ ಬರ್ಡ್ ಇಲ್ಲಿಂದ ಅಳಿದೇ ಹೋಯಿತೆಂದು ಭಾವಿಸಲಾಗಿತ್ತು. 1974ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಗಿಲ್ಪಿನ್ ಟ್ರೇಸ್ ಎಂಬ ಕಾಲುದಾರಿಯಲ್ಲಿ ಸ್ಥಳೀಯ ಮಾರ್ಗದರ್ಶಿಯೊಡನೆ ನಡೆದು, ಅದೇ ದಿನ ಇಳಿಜಾರಿನ ಕೆಳಗಿರುವ ಇಂಗ್ಲಿಷ್‌ಮನ್ಸ್ ಬೇಗೋ ಕ್ಯಾಸ್ಟಾರಾಕ್ಕೋ ಬಂದು ಈಜಿದವರಿಗೆ, ಮಣ್ಣನ್ನು ಹಿಡಿದಿಟ್ಟು ತಿಳಿನೀರನ್ನು ಕಡಲಿಗೆ ಕಳುಹಿಸುವ ಕಾಡಿನ ಉಪಕಾರವು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಮಾರ್ಚಿನಿಂದ ಆಗಸ್ಟಿನವರೆಗೆ ತೊಗಲುಬೆನ್ನಿನ ಬೃಹತ್ ಕಡಲಾಮೆಗಳು ಮೊಟ್ಟೆಯಿಡಲು ರಾತ್ರಿ ದಡಕ್ಕೇರುತ್ತವೆ. ಅವನ್ನು ನೋಡಲಿಚ್ಛಿಸುವವರು ಟಾರ್ಚಿನ ಬೆಳಕು ಬೀರದೆ, ಬಲ್ಲವರ ಜೊತೆಯಲ್ಲೇ ಹೋಗತಕ್ಕದ್ದು.

ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಿಂದ ಸ್ಕಾರ್ಬರೋಗೆ ಹಡಗಿನಲ್ಲಿ ಬರುವ ಕನ್ನಡಿಗರು ಹೊರಡುವ ಮೊದಲು ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನಕ್ಕೂ ಒಂದು ಗಳಿಗೆ ಹೋಗಿಬರಲಿ. 1976ರಲ್ಲಿ ಭಾರತವು ನಾಲ್ಕನೆಯ ಇನ್ನಿಂಗ್ಸಿನಲ್ಲಿ 403 ಓಟಗಳ ಗುರಿಯನ್ನು ದಾಟಿ ವೆಸ್ಟ್ ಇಂಡೀಸನ್ನು ಮಣಿಸಿದ್ದು ಅಲ್ಲಿಯೇ. ಅಂದು ನಮ್ಮ ಜಿ. ಆರ್. ವಿಶ್ವನಾಥರು 112 ಓಟಗಳನ್ನು ಗಳಿಸಿದರು, ಬ್ರಿಜೇಶ್ ಪಟೇಲರು 49 ಓಟಗಳೊಡನೆ ಅಜೇಯರಾಗಿ ಉಳಿದರು.