ಸೋರಿಯಾಸಿಸ್‌ಗೆ ನಾಟಿ ಔಷಧ: ಎಂಟೇ ದಿನದಲ್ಲಿ ಮಾಯವಾದ್ರೆ ಯಾಕೆ ಅನುಮಾನ ಪಡಬೇಕು?

ಮೊಣಕೈ, ಮೊಣಕಾಲು, ತಲೆಯ ಮೇಲೆ ಕೆಂಪು ಮಚ್ಚೆ, ಕೆರೆದರೆ ಉದುರೋ ಬಿಳಿ ಹೊಟ್ಟು. ಸೋರಿಯಾಸಿಸ್ ಇರೋರಿಗೆ ಇದನ್ನ ವಿವರಿಸಬೇಕಾಗಿಲ್ಲ. 'ಇಂಥ ಊರಲ್ಲಿ ಒಬ್ಬರು ಬೇರು ಕೊಡ್ತಾರೆ, ಒಂದ್ಸಲ ಹೋಗಿಬನ್ನಿ' ಅನ್ನೋ ಸಲಹೆಯೂ ಅವರಿಗೆ ಹೊಸದಲ್ಲ. ಹಾಗಾದ್ರೆ ಆ ಬೇರು, ಎಣ್ಣೆ ಕೆಲಸ ಮಾಡತ್ತಾ?

ಇದು ಅಂಟುರೋಗ ಅಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಎಡವಟ್ಟು ಮಾಡಿಕೊಂಡು, ಸುಮಾರು ಒಂದು ತಿಂಗಳು ಹಿಡಿಯಬೇಕಾದ ಚರ್ಮದ ಬೆಳವಣಿಗೆಯನ್ನ ಕೆಲವೇ ದಿನಗಳಲ್ಲಿ ಮುಗಿಸಿಬಿಡತ್ತೆ. ಕಾಯಿಲೆ ತಾನಾಗೇ ಏರತ್ತೆ, ಇಳಿಯತ್ತೆ. ಇಳಿಯೋ ಹೊತ್ತಿಗೆ ಕೈಯಲ್ಲಿ ಯಾವ ಔಷಧ ಇರತ್ತೋ ಅದಕ್ಕೇ ಹೆಸರು!

ಹಾಗಂತ ಗಿಡಮೂಲಿಕೆ ಅಂದ ಕೂಡ್ಲೇ ಮೂಗು ಮುರಿಯೋದೂ ಬೇಡ. 19ನೇ ಶತಮಾನದಲ್ಲಿ ಚರ್ಮರೋಗಕ್ಕೆ 'ಗೋವಾ ಪುಡಿ' ಹಚ್ಚುತ್ತಿದ್ದರು. ಹೆಸರು ನಮ್ಮ ಪಕ್ಕದ ಗೋವಾದ್ದು, ಪುಡಿ ಮಾತ್ರ ಬ್ರೆಜಿಲ್‌ನ ಅರರೋಬಾ ಮರದ್ದು. ಪೋರ್ಚುಗೀಸರ ಸಂಪರ್ಕದಿಂದ ಇಲ್ಲಿಗೆ ಬಂದದ್ದು. ಅದರ ಜಾಡು ಹಿಡಿದೇ 1916ರಲ್ಲಿ ಡೈಥ್ರನಾಲ್ ಬಂತು, ಇವತ್ತಿಗೂ ಚರ್ಮವೈದ್ಯರು ಬಲ್ಲ ಔಷಧ. ಬಾವಂಚಿ ಬೀಜದಲ್ಲಿ ಸೋರಲೆನ್ ಇದೆ. ಅದೇ ಗುಂಪಿನ ಔಷಧ ಕೊಟ್ಟು, ಅಳತೆಯಾಗಿ ಅಲ್ಟ್ರಾವಯಲೆಟ್ ಬೆಳಕು ಬಿಡೋದು ಪುವಾ ಚಿಕಿತ್ಸೆ. ಆದ್ರೆ ಮನೆಯಲ್ಲೇ ಬಾವಂಚಿ ಅರೆದು ಹಚ್ಚಿ ಬಿಸಿಲಲ್ಲಿ ಕೂತ್ರೆ ಬೊಬ್ಬೆ ಏಳಬಹುದು. ಅಳತೆ ಇಲ್ಲವಲ್ಲ.

ಬೆಪ್ಪಾಲೆ ಎಲೆಯನ್ನ ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ರೆ ಎಣ್ಣೆ ನೇರಳೆ ಬಣ್ಣಕ್ಕೆ ತಿರುಗತ್ತೆ. ಸಿದ್ಧ ವೈದ್ಯದಲ್ಲಿ ಸೋರಿಯಾಸಿಸ್‌ಗೆ ಇದು ಪ್ರಸಿದ್ಧ. ಎಣ್ಣೆ ಯಾವುದಾದ್ರೂ ಒಣ ಚರ್ಮ ಮೆದುವಾಗತ್ತೆ, ಹೊಟ್ಟು ಬಿಡತ್ತೆ, ಆ ಮಟ್ಟಿಗೆ ಹಿತವೇ. ರೋಗವನ್ನ ಬೇರುಸಮೇತ ಕೀಳತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ.

ನನ್ನ ಭಯ ಗಿಡದ ಬಗ್ಗೆ ಅಲ್ಲ, ಚೀಟಿ ಇಲ್ಲದ ಪೊಟ್ಟಣದ ಬಗ್ಗೆ. ಎಂಟೇ ದಿನದಲ್ಲಿ ಮಚ್ಚೆ ಪೂರ್ತಿ ಮಾಯವಾದ್ರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ಹೆಸರಿಲ್ಲದ ಪುಡಿ, ಮುಲಾಮುಗಳಲ್ಲಿ ಹೀಗೆ ಸಿಕ್ಕಿಬಿದ್ದಿರೋದು ಹಲವು ಸಲ ವರದಿಯಾಗಿದೆ. ಸ್ಟೀರಾಯ್ಡ್ ಹೊಟ್ಟೆಗೆ ಹೋಗ್ತಿದ್ದು ಥಟ್ಟಂತ ನಿಂತ್ರೆ ಸೋರಿಯಾಸಿಸ್ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಕೆಲವರಿಗೆ ಮೈತುಂಬ ಕೀವುಗುಳ್ಳೆ ಏಳತ್ತೆ. ಮೆಥೊಟ್ರೆಕ್ಸೇಟ್ ತಗೊಳ್ಳೋರು ಇನ್ನೂ ಹುಷಾರಾಗಿರಬೇಕು. ಆ ಮಾತ್ರೆಯೇ ಲಿವರ್‌ಗೆ ಭಾರ, ಅದರ ಮೇಲೆ ಗೊತ್ತಿಲ್ಲದ ಕಷಾಯ ಬೇರೆ.

ಈಗಾಗ್ಲೇ ನಾಟಿ ಔಷಧ ತಗೊಳ್ತಿದ್ರೆ ವೈದ್ಯರ ಹತ್ರ ಮುಚ್ಚಿಡಬೇಡಿ, ಬೈತಾರೆ ಅನ್ನೋ ಹೆದರಿಕೆ ಬೇಡ. ಪೊಟ್ಟಣ, ಬಾಟಲಿ ಜೊತೆಗೇ ಒಯ್ಯಿರಿ. ಏಕಾಏಕಿ ನೀವೇ ನಿಲ್ಲಿಸೋದೂ ಬೇಡ. ಆದ್ರೆ ಮೈಯೆಲ್ಲ ಕೆಂಪಾಗಿ ಚಳಿ, ಜ್ವರ ಬಂದ್ರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.