ಗ್ರೂಪ್ ಪ್ರಾಜೆಕ್ಟ್: ಹಗ್ಗ ಎಳೆದವರು ಯಾರು?

ಇಲ್ಲಿ ಟೊರೊಂಟೊ ಪಕ್ಕದ ಎರಿನ್ ಮಿಲ್ಸ್‌ನಲ್ಲಿ ಮಕ್ಕಳ ಬಾಯಲ್ಲಿ ನಾವು ಕೇಳೋ ದೂರು ಒಂದೇ: "ಅಮ್ಮಾ, ಗ್ರೂಪಲ್ಲಿ ನಾಲ್ಕು ಜನ, ಕೆಲಸ ಎಲ್ಲಾ ನಂದೇ!"

ಇದು ಹಳೇ ಕಥೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 8 ಜನ ಒಟ್ಟಿಗೆ ಹಗ್ಗ ಎಳೆದಾಗ ಒಬ್ಬೊಬ್ಬರ ಬಲ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯೋದು ಕಷ್ಟ, ಅದೊಂದು ಕಾರಣ. ಇನ್ನೊಂದನ್ನು ಆಮೇಲಿನ ಮನೋವಿಜ್ಞಾನಿಗಳು ತೋರಿಸಿದರು: ತನ್ನ ಪಾಲು ಯಾರಿಗೂ ಕಾಣಲ್ಲ ಅನಿಸಿದರೆ ಕೈ ಸಡಿಲವಾಗುತ್ತೆ.

ಪಾಲು ಕಾಣೋ ಹಾಗೆ ಮಾಡೋದೇ ಮದ್ದು. ಗೂಗಲ್ ಡಾಕ್ಸ್‌ನ 'ವರ್ಷನ್ ಹಿಸ್ಟರಿ'ಯಲ್ಲಿ ಯಾರು, ಯಾವಾಗ, ಏನು ಬರೆದರು ಅನ್ನೋದು ಸಿಗುತ್ತೆ. ಆದರೆ ಪ್ರತಿ ಮಗುವೂ ತನ್ನದೇ ಅಕೌಂಟಿನಿಂದ ಬರೆಯಬೇಕು. ಒಬ್ಬಳೇ ಎಲ್ಲರದ್ದನ್ನೂ ಅಂಟಿಸಿದರೆ ಎಲ್ಲವೂ ಅವಳ ಹೆಸರಿಗೇ! ಮೊದಲ ದಿನವೇ ಭಾಗ ಹಂಚಿ, ಹೆಸರು ಬರೆದಿಡಲಿ. ಬೇರೆಯವರ ಸಾಲು ಅಳಿಸೋ ಬದಲು ಕಾಮೆಂಟ್ ಹಾಕಲಿ.

ಒಂಟಾರಿಯೊದ 2010ರ ಮೌಲ್ಯಮಾಪನ ನೀತಿಯೂ ಇದನ್ನೇ ಹೇಳುತ್ತೆ: ಗ್ರೂಪಿಗೆಲ್ಲಾ ಒಂದೇ ಅಂಕ ಅಲ್ಲ, ಪ್ರತಿ ವಿದ್ಯಾರ್ಥಿಗೂ ಅವರವರ ಕೆಲಸಕ್ಕೆ ತಕ್ಕ ಅಂಕ. ಹಾಗಾಗಿ ಮಗು ದೂರು ತಂದರೆ, ಗೆಳೆಯರನ್ನು ಬೈಯೋ ಮೊದಲು ಆ ಹಿಸ್ಟರಿಯನ್ನು ಜೊತೆಗೆ ಕೂತು ನೋಡೋಣ.